ದೀಪದಜ್ಜಿ ಎಲ್ಲಿ?

ಬೇಸಿಗೆ ರಜೆಗೆಂದು ದಾಂಡೇಲಿಗೆ ಬಂದವಳು ಮೊನ್ನೆ ಅಣ್ಣನ ಮನೆಯ ಅಟ್ಟದಿಂದ ಹಳೆಯ ಟ್ರಂಕನ್ನು ಇಳಿಸಿದೆ. ಮುಚ್ಚಳ ಎತ್ತಿದ್ದೇ ತಡ, ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಅಡರಿತು. ಅದರ ಹಿಂದೆಯೇ ಇನ್ನೊಂದು ವಾಸನೆ ಬಂತು. ತೊಳೆದು ತೊಳೆದು ಮೆತ್ತಗಾದ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಯದ್ದು. ಅದನ್ನು ಹೀಗೇ ಎಂದು ಹೇಳಲು ನನಗೆ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಕೌದಿ ಇದ್ದರೆ ನಿಮಗೇ ಗೊತ್ತು. ಇಲ್ಲದಿದ್ದರೆ ಯಾರ ಮನೆಯಲ್ಲಾದರೂ ಒಂದು ಮಧ್ಯಾಹ್ನ ಅದರ ಮೇಲೆ ಮಲಗಿ ನೋಡಿ.

ಕೌದಿಯನ್ನು ಅಂಗಳದ ಬಿಸಿಲಿಗೆ ಹಾಸಿ ಒಳಗೆ ಹೋಗಿ ಬರುವಷ್ಟರಲ್ಲಿ ಅಣ್ಣನ ಮಗಳು ಪಲ್ಲವಿ ಅದರ ಮೇಲೆ ಬೋರಲು ಬಿದ್ದು ಫೋನು ಒತ್ತುತ್ತಿದ್ದಳು. ಮುಖ ಗಂಟು ಹಾಕಿಕೊಂಡಿತ್ತು. ಹಿಂದಿನ ದಿನ ಗೆಳತಿಯರ ಜೊತೆ ಹುಬ್ಬಳ್ಳಿಗೆ ಹೋಗಿ ಸಿನೆಮಾ ನೋಡಿ ಬಂದಿದ್ದಳು. ಮೋಡದ ಮೇಲೆ ಊರು ಕಟ್ಟಿಕೊಂಡವರ ಕಥೆಯಂತೆ. ಆ ಕಥೆಯ ದಪ್ಪ ದಪ್ಪ ಪುಸ್ತಕಗಳನ್ನೆಲ್ಲ ಅವಳು ಮೊದಲೇ ಓದಿ ಮುಗಿಸಿದ್ದಾಳೆ.

“ಅತ್ತಿ, ಬುಕ್ಕಿನಾಗ ಹೀರೋಯಿನ್ ಕೂದಲ ಕರೀವು. ಇವ್ರು ಕೆಂಪು ಮಾಡ್ಯಾರ. ಬುಕ್ಕಿನಾಗ ಅಕಿ ತಮ್ಮ ಸಾಯಂಗಿಲ್ಲ, ಇವ್ರು ಇಂಟರ್ವಲ್‌ಕ್ಕಿಂತ ಮೊದಲ ಸಾಯಿಸ್ಯಾರ. ಮತ್ತ್ಯಾಕ ಆ ಬುಕ್ಕಿನ ಹೆಸರು ಇಟ್ಕೋಬೇಕು? ಇದ್ದದ್ದು ಇದ್ದಂಗ ತೋರಿಸಾಕ ಏನು ಧಾಡಿ ಇವ್ರಿಗೆ?”

ನನಗೆ ನಗು ಬಂತು. ಅವಳ ವಯಸ್ಸಿನಲ್ಲಿ ಇದೇ ಮಾತನ್ನು ನಾನು ಇದಕ್ಕಿಂತ ಎರಡರಷ್ಟು ದೊಡ್ಡ ದನಿಯಲ್ಲಿ ಹೇಳಿದವಳು. ಅದೂ ಇದೇ ಕೌದಿಯ ಮೇಲೆ ಕೂತು. ಪುಸ್ತಕಕ್ಕೂ ಸಿನೆಮಾಕ್ಕೂ ಇರುವ ಜಗಳ ಅತ್ತೆ ಸೊಸೆಯರ ಜಗಳವಿದ್ದ ಹಾಗೆ. ಇಬ್ಬರದೂ ಒಂದೇ ಮನೆ, ಒಂದೇ ಒಲೆ, ಆದರೂ ಅತ್ತೆ ಮಾಡಿದ ಸಾರು ಸೊಸೆಯ ಕೈಯಲ್ಲಿ ಬೇರೆಯೇ ಆಗುತ್ತದೆ. ಉಂಡವರು ಸುಮ್ಮನಿರಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಾನಂತೂ ಸುಮ್ಮನಿರುವ ಜಾತಿಯವಳಲ್ಲ. ಯಕ್ಷಿಣಿ, ಮಾಂತ್ರಿಕ, ಮಾತಾಡುವ ಕುದುರೆ ಇರುವ ಕಾದಂಬರಿ ಎಂದರೆ ಊಟ ಬಿಟ್ಟು ಓದುತ್ತಿದ್ದೆ. ಅದು ಸಿನೆಮಾ ಆಯಿತೆಂದರೆ ಟಾಕೀಸಿನ ಕತ್ತಲಲ್ಲಿ ತಪ್ಪು ಹಿಡಿಯುವುದಕ್ಕೇ ಹೋಗಿ ಕೂರುತ್ತಿದ್ದೆ. ಕುದುರೆಯ ಬಣ್ಣ ತಪ್ಪು, ಮಾಂತ್ರಿಕನ ಗಡ್ಡ ಗಿಡ್ಡ ಎಂದು ಪಕ್ಕದವರ ಕಿವಿ ಕಚ್ಚುತ್ತಿದ್ದೆ. ನನ್ನ ಜೊತೆ ಸಿನೆಮಾಕ್ಕೆ ಬರಲು ಗೆಳತಿಯರು ಹಿಂದೇಟು ಹಾಕುತ್ತಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಆ ರೋಗ ನನ್ನನ್ನು ಬಿಟ್ಟು ಹೋದದ್ದು ಚಿಗವ್ವನಿಂದ. ಅದನ್ನೇ ಇವತ್ತು ಹೇಳುತ್ತೇನೆ, ಕೂತುಕೊಳ್ಳಿ. ಕೌದಿ ದೊಡ್ಡದಿದೆ, ಪಲ್ಲವಿ ಸ್ವಲ್ಪ ಸರಿದುಕೊಂಡರೆ ಎಲ್ಲರಿಗೂ ಜಾಗವಾಗುತ್ತದೆ.

ಚಿಗವ್ವ ಎಂದರೆ ಗಿರಿಜವ್ವ, ನಮ್ಮ ಕಾಕಾನ ಹೆಂಡತಿ. ಕಾಕಾ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದರು, ನನ್ನ ಅಪ್ಪನೂ ಅಲ್ಲಿಯೇ. ಎರಡೂ ಮನೆಗಳು ಅಕ್ಕಪಕ್ಕ. ಚಿಗವ್ವ ಧಾರವಾಡದ ಕಡೆಯ ಹಳ್ಳಿಯವಳು, ಹತ್ತನೆಯ ಇಯತ್ತೆಯ ತನಕ ಓದಿದ್ದಳು. ನಮ್ಮ ಓಣಿಯಲ್ಲಿ ಕನ್ನಡವನ್ನು ಗಟ್ಟಿಯಾಗಿ, ತಡವರಿಸದೆ, ರಾಗ ಎಳೆಯದೆ ಓದುವ ಹೆಂಗಸೆಂದರೆ ಅವಳೊಬ್ಬಳೇ. ಬೇಸಿಗೆ ಬಂತೆಂದರೆ ನಮ್ಮ ಪಡಸಾಲೆಯಲ್ಲಿ ಕೌದಿ ಹೊಲಿಯುವ ಕೆಲಸ ಶುರುವಾಗುತ್ತಿತ್ತು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ನಾಲ್ಕು ಮೂಲೆಗೆ ನಾಲ್ವರು ಕೂತು ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಬರುವುದು. ಒಂದು ಮೂಲೆಗೆ ನನ್ನ ಅವ್ವ, ಇನ್ನೊಂದಕ್ಕೆ ಬೆಳಗಾವಿ ಕಡೆಯ ಮಂಗಲಾ ವೈನಿ, ಮತ್ತೊಂದಕ್ಕೆ ಜುಲೇಖಾ ಖಾಲಾ, ಉಳಿದ ಮೂಲೆಗೆ ಆಗ ತಾನೇ ಕಾಲೇಜು ಸೇರಿದ್ದ ನಾನು. ನನ್ನ ಹೊಲಿಗೆಯನ್ನು ಖಾಲಾ ದಿನಾ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಸೂಜಿ ಮೊಂಡು, ದಾರ ಗಂಟು ಎಂದು ನಾನು ಏನೇನೋ ನೆಪ ಹೇಳುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವ್ವ ಅಲ್ಲಿಂದಲೇ ತಿವಿಯುತ್ತಿದ್ದಳು.

ಚಿಗವ್ವ ಹೊಲಿಯುತ್ತಿರಲಿಲ್ಲ, ಓದುತ್ತಿದ್ದಳು. ಅದು ಅವಳ ಪಾಲಿನ ಕೆಲಸ ಎಂದು ಎಲ್ಲರೂ ಒಪ್ಪಿಕೊಂಡಾಗಿತ್ತು. ಕಾಕಾನ ಹೆಸರಿನ ಕಾರ್ಡಿನ ಮೇಲೆ ಗ್ರಂಥಾಲಯದಿಂದ ಪುಸ್ತಕ ತರಿಸುತ್ತಿದ್ದಳು. ಮಣೆಯ ಮೇಲೆ ಕೂತು, ಕನ್ನಡಕ ಏರಿಸಿ, ಬೆರಳಿಗೆ ನಾಲಗೆ ತಾಗಿಸಿ ಹಾಳೆ ತಿರುವುತ್ತಿದ್ದಳು. ರಾಜನಿಗೆ ಒಂದು ದನಿ, ಮಂತ್ರಿಗೆ ಒಂದು, ಕಪ್ಪೆಗೂ ಒಂದು. ಮಧ್ಯಾಹ್ನದ ಪಾಳಿ ಬಿಡುವ ಮಿಲ್ಲಿನ ಭೋಂಗಾ ಕೂಗಿದರೆ ಮಾತ್ರ ಓದು ನಿಲ್ಲುತ್ತಿತ್ತು. ರಾಜಕುಮಾರಿ ಹಾವಿನ ಹೆಡೆಯ ಕೆಳಗೆ ನಿಂತಿದ್ದರೂ ಚಿಂತೆಯಿಲ್ಲ, ಪುಸ್ತಕ ಮುಚ್ಚಿ ಚಹಾಕ್ಕೆ ಇಡುವಳು. ಆಮೇಲೆ ಪುಸ್ತಕ ಪತ್ರಿಕೆಯ ಹಾಳೆಯಲ್ಲಿ ಸುತ್ತಿಕೊಂಡು ಅಕ್ಕಿ ಡಬ್ಬಿಯ ಮೇಲೆ ಹೋಗಿ ಕೂರುತ್ತಿತ್ತು. ನಾನು ಎಷ್ಟು ಗೋಗರೆದರೂ ಕೊಡುತ್ತಿರಲಿಲ್ಲ. “ನೀ ಮೊದಲ ಓದಿದ್ರ ಕೇಳೂ ರುಚಿ ಹೊಕ್ಕೈತಿ. ಕುಂದರು ಸುಮ್ಮನ” ಎನ್ನುತ್ತಿದ್ದಳು.

ಆ ವರ್ಷ ಓದಿದ್ದು ಕನ್ನಡದ್ದೇ ಒಂದು ದೊಡ್ಡ ಕಾದಂಬರಿ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ಓದಿ ನನ್ನ ಜೊತೆ ಜಗಳಕ್ಕೆ ಬರುತ್ತೀರಿ, ಯಾಕೆಂದು ಮುಂದೆ ತಿಳಿಯುತ್ತದೆ. ಕಥೆ ಇಷ್ಟು: ಒಬ್ಬ ಮಾಂತ್ರಿಕ ಒಂದು ಇಡೀ ಹೊಳೆಯನ್ನು ತಾಮ್ರದ ಕೊಡದಲ್ಲಿ ಹಿಡಿದಿಟ್ಟಿದ್ದಾನೆ. ಅಂಬಿಗನ ಮಗಳು ಚಂದ್ರಿಗೆ ನೀರಿನ ಮಾತು ತಿಳಿಯುತ್ತದೆ. ಅವಳು ಹೊಳೆಯನ್ನು ಬಿಡಿಸಲು ಹೊರಡುತ್ತಾಳೆ. ಕೊಡ ಒಡೆಯುತ್ತದೆ, ಆದರೆ ಹೊಳೆ ಹೊರಬಂದ ರಭಸಕ್ಕೆ ಏಳು ಬಾಗಿಲ ಊರು ಮುಳುಗಿಹೋಗುತ್ತದೆ. ಮುಳುಗಿದ ಊರಿನೊಳಗೆ ಬಿದ್ದಿರುವ ರಾಜಮುದ್ರೆಯನ್ನು ತರಲು ಚಂದ್ರಿ ನೀರಿಗೆ ಇಳಿಯುತ್ತಾಳೆ.

ನಾವು ನಾಲ್ವರೂ ಕೇಳಿದ್ದು ಒಂದೇ ಕಥೆ, ಕಂಡದ್ದು ನಾಲ್ಕು. ಮಂಗಲಾ ವೈನಿಯ ಮಾಂತ್ರಿಕನಿಗೆ ಹಿಟ್ಟಿನ ಗಿರಣಿಯವನ ಮೂಗು ಇತ್ತು. ಅವಳು ಜೋಳ ಬೀಸಿಸಲು ಹೋದಾಗಲೆಲ್ಲ ಅವನನ್ನು ಗುಮಾನಿಯಿಂದ ನೋಡಿ ಬರುತ್ತಿದ್ದಳು. ಅವ್ವನ ಅರಮನೆ ಎಂದರೆ ಅರಣ್ಯ ಇಲಾಖೆಯ ಬಂಗಲೆ, ಅದಕ್ಕಿಂತ ದೊಡ್ಡ ಮನೆ ಅವಳು ಒಳಹೊಕ್ಕು ನೋಡಿರಲಿಲ್ಲ. ಯಾವ ಸಿನೆಮಾದವನು ತಾನೇ ಒಂದು ಕಥೆಗೆ ನಾಲ್ಕು ಅರಮನೆ, ನಾಲ್ಕು ಮಾಂತ್ರಿಕರನ್ನು ಒದಗಿಸಿಯಾನು? ಓದಿಸಿಕೊಳ್ಳುವ ಕಥೆಯ ಶ್ರೀಮಂತಿಕೆ ಅದು ಎಂದು ಈಗ ಅನ್ನಿಸುತ್ತದೆ.

ಜುಲೇಖಾ ಖಾಲಾಳ ಏಳು ಬಾಗಿಲ ಊರು ಮಾತ್ರ ಕಲ್ಪನೆಯದ್ದಾಗಿರಲಿಲ್ಲ. ಅದು ಸೂಪಾ.

ಖಾಲಾ ಹುಟ್ಟಿದ್ದು ಹಳೆಯ ಸೂಪಾದಲ್ಲಿ. ಅಲ್ಲಿ ಅವಳ ಅಪ್ಪನ ಕಿರಾಣಿ ಅಂಗಡಿಯಿತ್ತು. ದಾಂಡೇಲಿಯ ಮೆಕ್ಯಾನಿಕ್‌ನನ್ನು ಮದುವೆಯಾಗಿ ಬಂದಳು. ಆಮೇಲೆ ಅಣೆಕಟ್ಟು ಆಯಿತು, ಊರು ನೀರಿನ ಕೆಳಗೆ ಹೋಯಿತು. ಮನೆ, ಅಂಗಡಿ ಹೋದದ್ದನ್ನು ಅವಳು ನಗುತ್ತಲೇ ಹೇಳುತ್ತಿದ್ದಳು. ಅಮ್ಮಿಯ ಮಾತು ಬಂದರೆ ಮಾತ್ರ ದನಿ ತಗ್ಗುತ್ತಿತ್ತು. ಅವಳ ತಾಯಿಯನ್ನು ಮಣ್ಣು ಮಾಡಿದ್ದು ಸೂಪಾದ ಖಬರಸ್ತಾನದಲ್ಲಿ. ಶಬೇ ಬರಾತ್ ಬಂತೆಂದರೆ ಓಣಿಯ ಗಂಡಸರೆಲ್ಲ ಹೂವು, ಊದಬತ್ತಿ ಹಿಡಿದು ತಮ್ಮವರ ಗೋರಿಗಳಿಗೆ ಹೋಗುತ್ತಿದ್ದರು. ಖಾಲಾಳ ಅಣ್ಣ ತಾಯಿಯ ಗೋರಿಗೆಂದು ಎಲ್ಲಿಗೆ ಹೋಗಬೇಕು? ಕಾಳಿ ಹೊಳೆಗೆ ಹೂ ಬಿಡಬಾರದೇ ಎಂದು ಅವ್ವ ಒಮ್ಮೆ ಕೇಳಿದಳು. ಸೂಪಾದ ನೀರೇ ತಾನೇ ದಾಂಡೇಲಿಗೆ ಹರಿದು ಬರುವುದು. ಖಾಲಾ ಸೂಜಿಯಿಂದ ಕಣ್ಣೆತ್ತದೆ ಹೇಳಿದಳು:

“ಇಲ್ಲಿ ಹೂ ಬಿಟ್ರ ಕೆಳಗ ಹೊಕ್ಕಾವವ್ವಾ. ನಮ್ಮ ಅಮ್ಮಿ ಮ್ಯಾಲ, ಸೂಪಾದಾಗ ಅದಾಳ.”



ಈಗ ಕಥೆಯ ಊರು ಮುಳುಗಿದ ಮಧ್ಯಾಹ್ನಕ್ಕೆ ಬರೋಣ. ಚಿಗವ್ವ ಅದನ್ನು ಎಷ್ಟು ಚೆನ್ನಾಗಿ ಓದಿದಳೆಂದರೆ ಮಂಗಲಾ ವೈನಿ ಕಾಲು ಮೇಲೆತ್ತಿ ಕೂತಳು. ಆಗ ಖಾಲಾ ಕೇಳಿದಳು: “ಗಿರಿಜಾ, ಊರು ಮುಳುಗಿತು ಅಂದಿ. ಆ ಊರಾಗೂ ಖಬರಸ್ತಾನ ಇದ್ದೇ ಇರಬೇಕಲ್ಲ? ಅಲ್ಲಿ ಮಲಗಿದವರು ಏನಾದ್ರು?”

“ನೋಡೂಣು, ಮುಂದ ಬರೆದಿರಬೇಕು” ಎಂದು ಚಿಗವ್ವ ಮುಂದಿನ ಅಧ್ಯಾಯಕ್ಕೆ ಹಾಳೆ ತಿರುವಿದಳು. ಕಣ್ಣು ಸಾಲುಗಳ ಮೇಲೆ ಓಡಿತು, ಬಾಯಿ ಮಾತ್ರ ತೆರೆಯಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ನೀರು ತರಿಸಿಕೊಂಡು ಕುಡಿದಳು. “ಯಾಕೋ ಗಂಟಲ ಕಟ್ಟೈತಿ. ಇವತ್ತಿಗೆ ಇಷ್ಟು ಸಾಕು” ಎಂದು ಪುಸ್ತಕ ಮುಚ್ಚಿದಳು. ಭೋಂಗಾ ಆಗಿರಲಿಲ್ಲ. ಅವಳು ಭೋಂಗಾಕ್ಕೆ ಮೊದಲು ಪುಸ್ತಕ ಮುಚ್ಚಿದ್ದನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ.

ಮರುದಿನ ಗಂಟಲು ಸರಿಯಾಗಿತ್ತು. ಚಂದ್ರಿ ನೀರಿಗಿಳಿದಳು. ಮುಳುಗಿದ ಬೀದಿಗಳಲ್ಲಿ ಮೀನು ಓಡಾಡುತ್ತಿದ್ದವು. ಊರಿನ ಆಚೆ ಸತ್ತವರನ್ನು ಹೂತ ಬಯಲಿಗೆ ಬಂದರೆ, ಅಲ್ಲಿ ಒಬ್ಬ ಮುದುಕಿ. ಕೈಯಲ್ಲಿ ನೀರಿಗೂ ಆರದ ದೀಪ. ಗೋರಿಯಿಂದ ಗೋರಿಗೆ ಹೋಗಿ ಕೂತು, ಹೆಸರು ಹಿಡಿದು ಮಾತಾಡಿಸಿ, ಮೇಲಿನ ಸುದ್ದಿ ಹೇಳಿ ಎದ್ದು ಬರುತ್ತಾಳೆ. ನಿನ್ನ ಮಗಳು ಸುಖವಾಗಿದ್ದಾಳೆ, ನಿನಗೆ ಮೊಮ್ಮಗ ಹುಟ್ಟಿದ, ಈ ವರ್ಷ ಭತ್ತ ಚೆನ್ನಾಗಿ ಬಂತು ಎಂದು. “ಇವರಿಗೆ ಕೇಳಿಸುತ್ತದೆಯೇ ಅಜ್ಜಿ?” ಎಂದು ಚಂದ್ರಿ ಕೇಳಿದರೆ, “ನಿದ್ದೆ ಮಾಡುವ ಕೂಸಿನ ಹತ್ತಿರ ತಾಯಿ ಮಾತಾಡುವುದಿಲ್ಲವೇ?” ಎನ್ನುತ್ತಾಳೆ. ಚಿಗವ್ವ ಅವಳಿಗೆ ಕೊಟ್ಟ ದನಿ ಯಾವ ಪಾತ್ರದ್ದೂ ಆಗಿರಲಿಲ್ಲ, ತನ್ನದೇ ದನಿಯಾಗಿತ್ತು.

ಖಾಲಾಳ ಕೈ ನಿಂತಿತ್ತು. “ಹಂಗಾದ್ರ ನಮ್ಮ ಅಮ್ಮಿ ಹತ್ರಾನೂ ಯಾರರೆ ಹೋಗ್ತಿರಬೇಕು” ಎಂದಳು. ಮತ್ತೆ ಸೂಜಿಗೆ ದಾರ ಪೋಣಿಸಿದಳು. ಆ ದಿನ ನನ್ನ ಹೊಲಿಗೆಯನ್ನು ಅವಳು ಬಿಚ್ಚಲಿಲ್ಲ.

ದೀಪದಜ್ಜಿ ಆ ಬೇಸಿಗೆ ನಮ್ಮ ಮನೆಯವಳಾದಳು. ಕಾದಂಬರಿ ಮುಗಿದರೂ ಅವಳು ಹೋಗಲಿಲ್ಲ. ಕರೆಂಟು ಹೋದರೆ ಅವ್ವ “ದೀಪದಜ್ಜೀ, ಈ ಕಡೆ ಬಾ” ಎನ್ನುತ್ತಿದ್ದಳು. ಕೌದಿಯೂ ಮುಗಿಯಿತು. ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೆ ಒಂದು ತುಣುಕು ರೊಟ್ಟಿ ಇಡುವುದು ನಮ್ಮ ಕಡೆಯ ಪದ್ಧತಿ, ಹಸಿದ ಕೌದಿಯನ್ನು ಯಾರಿಗೂ ಹೊದಿಸಬಾರದು. ಹೊಲಿಗೆ ಮಾಡದ ಚಿಗವ್ವನಿಗೆ ಆ ಒಂದು ಕೆಲಸ ಬಿಟ್ಟಿದ್ದೆವು. ಅವಳು ರೊಟ್ಟಿ ಇಟ್ಟಳು, ಖಾಲಾ ಮೂಲೆ ಹೊಲಿದಳು.

ಮರುವರ್ಷ ಆ ಕಾದಂಬರಿ ಸಿನೆಮಾ ಆಗಿ ಹಳಿಯಾಳದ ಟಾಕೀಸಿಗೆ ಬಂತು.

ನಮ್ಮ ಪಡಸಾಲೆಯಲ್ಲಿ ಹಬ್ಬದ ಗಲಾಟೆ. ಚಿಗವ್ವನ ಮುಖ ಮಾತ್ರ ಬಾಡಿತು. ಹೋಗೋಣವೇ ಎಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವಳು. ಸೊಂಟ ನೋವು, ಬಸ್ಸಿನಲ್ಲಿ ವಾಂತಿ, ಸಿನೆಮಾದವರು ಎಲ್ಲ ಕೆಡಿಸಿರುತ್ತಾರೆ, ಟಾಕೀಸಿನಲ್ಲಿ ತಿಗಣೆ. “ನೀವ ಹೋಗಿ ಬರ್ರಿ” ಎಂದೂ ಹೇಳಲೊಲ್ಲಳು. ಖಾಲಾ ಹೊರಡುತ್ತಾಳೆ ಎಂದರೆ ತಾನೇ ಹೊಸ ತಕರಾರು ತೆಗೆಯುವಳು. ಕೊನೆಗೆ ಖಾಲಾಳೇ ಗದರಿದಳು: “ಬುರ್ಖಾ ಇಸ್ತ್ರಿ ಮಾಡಿಸಿ ಇಟ್ಟೇನಿ ಗಿರಿಜಾ. ದೀಪದಜ್ಜೀನ್ನ ನಾ ನೋಡಾಕ ಬೇಕು. ನೀ ಬರದಿದ್ರ ಎತ್ತಿ ಒಯ್ತೇನಿ.” ಚಿಗವ್ವ ಬಂದಳು. 

ತಪ್ಪು ಹಿಡಿಯಲು ಹೋದ ನಾನು ಮೊದಲರ್ಧದಲ್ಲೇ ಸೋತೆ, ಇದನ್ನು ಮುಚ್ಚಿಡುವುದಿಲ್ಲ. ಹೊಳೆ ಸುರುಳಿ ಸುತ್ತಿಕೊಂಡು ಕೊಡದೊಳಗೆ ಇಳಿಯುವುದನ್ನು ಚಿಗವ್ವ ಎಷ್ಟು ಕೈ ತಿರುಗಿಸಿದರೂ ನಮಗೆ ತೋರಿಸಲು ಆಗಿರಲಿಲ್ಲ. ಸಿನೆಮಾ ಅದನ್ನು ತೋರಿಸಿತು. ಕೊನೆಯ ಹನಿ ಕೊಡದ ಬಾಯಲ್ಲಿ ಒಂದು ಗಳಿಗೆ ನಿಂತು, ಹಿಂದೆ ತಿರುಗಿ ನೋಡಿದ ಹಾಗೆ ನಡುಗಿ ಒಳಗೆ ಬಿತ್ತು. ಅವ್ವ ಬಾಯಿ ಮುಚ್ಚುವುದನ್ನೇ ಮರೆತಳು. ಪುಸ್ತಕಕ್ಕೆ ಪುಟಗಟ್ಟಲೆ ಬೇಕಾದದ್ದನ್ನು ಸಿನೆಮಾ ಕೆಲವೊಮ್ಮೆ ಒಂದು ಹನಿಯಲ್ಲಿ ಮುಗಿಸುತ್ತದೆ. ಹಾಗೆ ಮುಗಿಸಿದಾಗ ಎದ್ದು ಕೈಮುಗಿಯಬೇಕು ಅನ್ನಿಸುತ್ತದೆ. ಮಾಂತ್ರಿಕನಿಗೆ ಗಿರಣಿಯವನ ಮೂಗು ಇಲ್ಲದ್ದಕ್ಕೆ ಮಂಗಲಾ ವೈನಿ ಮಾತ್ರ ಬೇಜಾರು ಮಾಡಿಕೊಂಡಳು. ಊರು ಮುಳುಗುವಾಗ ತೆರೆ ಗೋಡೆಯೆತ್ತರ ಎದ್ದು ಬಂತು. “ನೀರು ಹಿಂಗ ಒಮ್ಮೆಲೆ ಬರಂಗಿಲ್ಲ” ಎಂದಳು ಖಾಲಾ, ಯಾರಿಗೂ ಅಲ್ಲದೆ. “ಮೆಲ್ಲಕ ಬರತೈತಿ. ಮೊದಲ ಗದ್ದಿ, ಆಮ್ಯಾಲ ಓಣಿ.”

ಚಂದ್ರಿ ನೀರಿಗೆ ಇಳಿದಳು. ಚಿಗವ್ವ ತಟ್ಟನೆ ಎದ್ದು, “ತಲಿ ಸಿಡೀತೈತಿ, ಹೊರಗ ಹೋಗೂಣು ನಡಿ ಜುಲೇಖಾ” ಎಂದು ಖಾಲಾಳ ಕೈ ಹಿಡಿದು ಎಳೆದಳು. “ತಡೀ, ಈಗ ಬರ್ತಾಳ” ಎಂದು ಖಾಲಾ ಅವಳನ್ನೇ ಎಳೆದು ಕೂರಿಸಿದಳು.

ಬಂದದ್ದು ದೀಪದಜ್ಜಿಯಲ್ಲ. ನೆಲ ಸೀಳಿಕೊಂಡು ಸತ್ತವರು ಎದ್ದರು. ಮೀನಿನ ಕಣ್ಣು, ಕೊಳೆತ ಕೈ, ಬಾಯಿಯಿಂದ ಕೆಸರು. ಬದುಕಿದವರನ್ನು ಕೆಳಗೆ ಎಳೆದು ತಿನ್ನುವ ಪಿಶಾಚಿಗಳು. ಚಂದ್ರಿ ಬೆಂಕಿಯ ಕತ್ತಿ ಎಳೆದು ಒಬ್ಬೊಬ್ಬರನ್ನೇ ತುಂಡರಿಸುತ್ತ ಹೋದಳು. ಟಾಕೀಸು ಶಿಳ್ಳೆಯಿಂದ ತುಂಬಿತು. ನಾನು ಖಾಲಾಳ ಕಡೆ ನೋಡಿದೆ. ಅವಳ ಮುಖ ಬೂದಿಯಾಗಿತ್ತು. ಚಿಗವ್ವ ತೆರೆಯನ್ನು ನೋಡುತ್ತಲೇ ಇರಲಿಲ್ಲ, ಅವಳೂ ಖಾಲಾಳನ್ನೇ ನೋಡುತ್ತಿದ್ದಳು. 

ಖಾಲಾ ಎದ್ದು ನಿಂತಳು. “ಏ, ಸುಳ್ಳ ಐತಿದು!” ಎಂದು ಕೂಗಿದಳು. “ದೀಪದಜ್ಜಿ ಎಲ್ಲಿ? ಅಕೀನ್ನ ಎಲ್ಲಿ ಹಾಕಿದ್ರಿ?”

ಮುಂದಿನ ಸಾಲಿನವರು ಶ್ ಎಂದರು. ಅಷ್ಟಕ್ಕೆ ಮಂಗಲಾ ವೈನಿಗೂ ಆವೇಶ ಬಂತು: “ಹೌದ ಮತ್ತ! ಅಜ್ಜಿ ಕುಠೆ, ಎಲ್ಲದಾಳ? ರೊಕ್ಕ ತಗೊಂಡು ಮೋಸ ಮಾಡ್ತೀರೇನು?” ಅವ್ವ ಕೂಡ ಎದ್ದಳು. ನಾನು? ನಾನು ಎಲ್ಲರಿಗಿಂತ ಗಟ್ಟಿಯಾಗಿ, ಪುಸ್ತಕದಲ್ಲಿ ಹೀಗಿಲ್ಲ, ಪುಸ್ತಕ ಓದಿ ಸಿನೆಮಾ ತೆಗೆಯಿರಿ ಎಂದು ಅಚ್ಚಕನ್ನಡದಲ್ಲಿ ಭಾಷಣ ಮಾಡಿದೆ. ಟಾರ್ಚು ಹಿಡಿದು ಬಂದ ಬಾಗಿಲಿನವನು ನಮ್ಮ ಮುಖದ ಮೇಲೆ ಬೆಳಕು ಬಿಟ್ಟು, ಹೆಂಗಸರೆಂದು ನೋಡಿ, ಹಾಗೇ ತಿರುಗಿ ಹೋದ.

ವಾಪಸು ಬರುವಾಗ ಬಸ್ಸಿಡೀ ಕೇಳುವಂತೆ ನಾವು ಸಿನೆಮಾದವರನ್ನು ಬೈದೆವು. ಖಾಲಾ ಕಿಟಕಿಯ ಸರಳು ಹಿಡಿದು ಕೂತಿದ್ದಳು. ಅಲ್ಲಿಂದಲೇ “ಬೈಬ್ಯಾಡ್ರಿ ಅವ್ರಿಗೆ, ಪಾಪ” ಎಂದಳು. “ಅವ್ರ ಕೈಗೆ ಸಿಕ್ಕ ಬುಕ್ಕಿನಾಗ ಆ ಪಾನಾ ಹರದು ಹೋಗಿರಬೇಕು. ನಮ್ಮ ಗಿರಿಜಾನ ಬುಕ್ಕಿನಾಗ ಪೂರಾ ಇತ್ತು. ಅದೂ ನಮ್ಮ ನಸೀಬ.”

ಚಿಗವ್ವ ಸೆರಗು ಮುಖಕ್ಕೆಳೆದುಕೊಂಡು ನಿದ್ದೆ ಬಂದವಳಂತೆ ಒರಗಿದಳು. ನಿದ್ದೆ ಬಂದಿರಲಿಲ್ಲ, ಅವಳ ಹೆಗಲು ಅಲುಗುವುದು ನನಗೆ ಕಾಣುತ್ತಿತ್ತು.

ನನ್ನ ಸಿಟ್ಟು ಬಸ್ಸಿನಲ್ಲಿ ಇಳಿಯುವಂಥದ್ದಾಗಿರಲಿಲ್ಲ. ಸಿನೆಮಾದವರ ಮಾನ ಹರಾಜು ಹಾಕಿ ಪತ್ರಿಕೆಗೆ ಬರೆಯುವುದೆಂದು ನಿಶ್ಚಯಿಸಿದೆ. ಸಾಕ್ಷಿಗೆ ಪುಸ್ತಕ ಬೇಕಲ್ಲ, ಹುಬ್ಬಳ್ಳಿಗೆ ಹೋಗುವವರ ಕೈಯಲ್ಲಿ ತರಿಸಿದೆ. ಸಿನೆಮಾ ಬಂದ ಮೇಲೆ ಅಚ್ಚಾದ ಪ್ರತಿ, ರಕ್ಷಾಪುಟದ ಮೇಲೆ ಬೆಂಕಿಯ ಕತ್ತಿ ಹಿಡಿದ ನಟಿ. ಕೆಂಪು ಪೆನ್ನು ಹಿಡಿದು ಕೂತೆ. ಹಾಳೆ ಹಾಳೆ ತಿರುವಿದೆ. ಹಿಂದಿನಿಂದ ಮುಂದಕ್ಕೂ ತಿರುವಿದೆ. ದೀಪದಜ್ಜಿ ಎಲ್ಲಿಯೂ ಇರಲಿಲ್ಲ. ಮೀನಿನ ಕಣ್ಣು ಇತ್ತು. ಕೆಸರು ಇತ್ತು. ಕತ್ತಿಯ ಏಟುಗಳು ಸಿನೆಮಾದಲ್ಲಿ ಕಡಿಮೆಯೇ ಆಗಿದ್ದವು. ಸಿನೆಮಾದವರು ಪಾಪ, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ತೆಗೆದಿದ್ದರು. ಬೇರೆಯಾಗಿದ್ದದ್ದು ನಮ್ಮ ಪಡಸಾಲೆಯ ಪುಸ್ತಕ.

ಪಕ್ಕದ ಮನೆಗೆ ಹೋದೆ. ಚಿಗವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದಳು, ಮತ್ತೆ ಅಕ್ಕಿ ನೋಡಿದಳು.

“ಇದರಾಗ ದೀಪದಜ್ಜಿ ಇಲ್ಲ ಚಿಗವ್ವ.”

“ಹೌದು. ನಾ ಹಾಕಿದ್ದು.”

“ಅದು ಸುಳ್ಳಲ್ಲೇನು?”

“ಇಡೀ ಪುಸ್ತಕನ ಸುಳ್ಳವಾ. ಕೊಡದಾಗ ಹೊಳಿ ಹಿಡಸ್ತೈತೇನು? ಅಷ್ಟು ಸುಳ್ಳಿನಾಗ ನಂದೊಂದು ಹಿಡಸಲಿಲ್ಲೇನು?” ಎಂದು ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: “ಬರದವ್ರಿಗೆ ಜುಲೇಖಾ ಗೊತ್ತಿರಲಿಲ್ಲ. ನನಗ ಗೊತ್ತಿತ್ತು. ಅಕಿ ಎದುರಿಗೆ ಕುಂತು ಅದನ್ನ ಓದಾಕ ನನಗ ಬಾಯಿ ಬರಲಿಲ್ಲ.”

ನಾನು ಬಾಗಿಲಲ್ಲಿ ನಿಂತೇ ಇದ್ದೆ. ಇಷ್ಟು ವರ್ಷದ ಮೇಲೂ ಆ ಗಳಿಗೆ ನೆನಪಾದರೆ ನನ್ನ ಕಣ್ಣು ತುಂಬುತ್ತದೆ. ಹತ್ತನೆಯ ಇಯತ್ತೆ ಓದಿದ ಹೆಂಗಸು, ಒಂದು ಸಂಜೆಯಲ್ಲಿ, ಅಡಿಗೆ ಮಾಡುತ್ತ, ಆ ಕಾದಂಬರಿಯ ಎಲ್ಲರಿಗಿಂತ ದೊಡ್ಡ ಪಾತ್ರವನ್ನು ಹುಟ್ಟಿಸಿದ್ದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಪಿಶಾಚಿಗಳನ್ನು ತೆಗೆದು, ಆ ಜಾಗದಲ್ಲಿ ಅವಳನ್ನು ಕೂರಿಸಿದ್ದಳು. ಮುಂದಿನ ಅಧ್ಯಾಯಗಳಲ್ಲಿ ಆ ಪಿಶಾಚಿಗಳ ಮಾತು ಬಂದಲ್ಲೆಲ್ಲ ದಿನಾ ಹಿಂದಿನ ದಿನವೇ ಓದಿಕೊಂಡು, ಹೊಂದಿಸಿಕೊಂಡು ಬಂದಿದ್ದಳು. ಮತ್ತು ಅದನ್ನು ತನ್ನದು ಎಂದು ಯಾರಿಗೂ ಹೇಳಲಿಲ್ಲ. ಪತ್ರಿಕೆಗೆ ಬರೆಯಬೇಕೆಂದಿದ್ದ ನನ್ನ ಪತ್ರ ಅಲ್ಲಿಗೆ ನಿಂತಿತು. ಅಂದಿನಿಂದ ಯಾವ ಸಿನೆಮಾ ಪುಸ್ತಕದಿಂದ ಎಲ್ಲಿ ಸರಿಯಿತು ಎಂದು ನೋಡುವಾಗಲೂ, ಇದನ್ನು ಯಾರ ಮುಖ ನೋಡಿ ಸರಿಸಿದರೋ ಎಂದು ಯೋಚಿಸುತ್ತೇನೆ. ಹೆಚ್ಚಿನ ಸಲ ಗಲ್ಲಾಪೆಟ್ಟಿಗೆಯ ಮುಖವನ್ನೇ ನೋಡಿರುತ್ತಾರೆ ಎನ್ನುವುದು ಬೇರೆ ಮಾತು. ಒಮ್ಮೊಮ್ಮೆ ಹಾಗಿರುವುದಿಲ್ಲ.

ಇದೆಲ್ಲವನ್ನೂ ಮೊನ್ನೆ ಪಲ್ಲವಿಗೆ ಹೇಳಿದೆ. ಚಿಗವ್ವ ಈಗಿಲ್ಲ, ಅವಳು ಹೋಗಿ ಕೆಲವು ವರ್ಷಗಳಾದವು. ಕೇಳಿ ಹುಡುಗಿ ಕರಗುತ್ತಾಳೆ ಅಂದುಕೊಂಡರೆ, ಎದ್ದು ಕೂತು ಹುಬ್ಬು ಗಂಟಿಕ್ಕಿದಳು.

“ಗಿರಿಜಾ ಅಜ್ಜಿ ಒಳ್ಳೇ ಮನಸಿನ್ಲೇ ಮಾಡ್ಯಾರ, ಒಪ್ತೇನಿ. ಆದ್ರ ಖರೇ ತಿಳ್ಕೊಳ್ಳೂದು ಖಾಲಾ ಅಜ್ಜಿ ಹಕ್ಕಲ್ಲೇನು? ಇಷ್ಟು ವರ್ಷ ಅವ್ರು ಇಲ್ಲದ್ದನ್ನ ನಂಬಿ ಕುಂತಾರ. ನಿಮಗ ಹೇಳಾಕ ಆಗದಿದ್ರ ನಾ ಹೇಳ್ತೇನಿ.”

 ನಾನು ಮಳಗಿಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಇದ್ದದ್ದನ್ನು ಇದ್ದ ಹಾಗೆ ಓದಿ ಎಂದು ದಿನಾ ಬೆತ್ತ ಕುಟ್ಟುವವಳು. ಪಲ್ಲವಿಯ ಮಾತನ್ನು ತಳ್ಳಿಹಾಕುವುದು ಹೇಗೆ?

ನಿನ್ನೆ ಮಧ್ಯಾಹ್ನ ಇಬ್ಬರೂ ಖಾಲಾಳ ಮನೆಗೆ ಹೋದೆವು. ಮಗನ ಗ್ಯಾರೇಜಿನ ಹಿಂದೆ ಮನೆ. ಖಾಲಾ ಸಣ್ಣಗಾಗಿದ್ದಾಳೆ, ಕಣ್ಣಿಗೆ ಮಂಜು ಕವಿದಿದೆ. ನನ್ನ ಕೈ ಮುಟ್ಟಿ ಬೆರಳು ತಡವಿ, “ಹೊಲಿಗಿ ಕಲ್ತಿಯೋ ಇಲ್ಲೋ ಬೇಟಿ?” ಎಂದು ನಕ್ಕಳು. ಶರಬತ್ತು ಬಂತು. ಅದೂ ಇದೂ ಮಾತಾಡಿದೆವು. ಪಲ್ಲವಿ ನನ್ನ ಪಕ್ಕದಲ್ಲಿ ಚಡಪಡಿಸುತ್ತಿದ್ದಳು. ಅವಳ ನಾಲಗೆಯ ತುದಿಯಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಟ್ರಂಕಿನಲ್ಲೇ ಸಿಕ್ಕಿದ್ದ, ಅಂದು ಹುಬ್ಬಳ್ಳಿಯಿಂದ ತರಿಸಿದ ಆ ಪುಸ್ತಕವನ್ನು ಚೀಲದಿಂದ ಹೊರಗೆ ತೆಗೆದೆ.

“ಗಿರಿಜಾ ಹೋದ ಮ್ಯಾಲ ಯಾರೂ ಓದಿಲ್ಲ ನನಗ” ಎಂದಳು ಖಾಲಾ. ಪುಸ್ತಕವನ್ನು ಇಸಿದುಕೊಂಡು, ರಕ್ಷಾಪುಟದ ಮೇಲೆ ಕೈಯಾಡಿಸಿ ತಿರುಗಿ ಕೊಟ್ಟಳು. “ಆ ಪಾನಾ ತೆಗೀ. ಅಕಿ ಬರ್ತಾಳಲ್ಲ, ಅದು.”

ಅಧ್ಯಾಯ ತೆಗೆದೆ. ನೆಲ ಸೀಳಿತು, ಸತ್ತವರು ಎದ್ದರು ಎಂದು ಮೊದಲ ಸಾಲು. ಅದರ ಮೇಲೆ ಅಂದಿನ ಕೆಂಪು ಪೆನ್ನಿನ ಗೆರೆ ಇನ್ನೂ ಇತ್ತು. ಪಲ್ಲವಿ ಬಗ್ಗಿ ಪುಟ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.  ಚಿಗವ್ವನಿಗೆ ಒಂದು ಸಂಜೆಯಾದರೂ ಸಿಕ್ಕಿತ್ತು, ನನಗೆ ಅದೂ ಇಲ್ಲ. ಬೆರಳನ್ನು ಸಾಲಿನ ಕೆಳಗೆ ಇಟ್ಟು ಓದತೊಡಗಿದೆ: ಊರಿನ ಆಚೆಯ ಬಯಲಿಗೆ ಬಂದರೆ, ಅಲ್ಲಿ ಒಬ್ಬ ಮುದುಕಿ. ಕೈಯಲ್ಲಿ ನೀರಿಗೂ ಆರದ ಒಂದು ದೀಪ...

“ತಡೀ ತಡೀ” ಎಂದಳು ಖಾಲಾ. “ಒಂದಲ್ಲ, ಎರಡು. ಒಂದು ಮಲಗಿದವರಿಗೆ, ಇನ್ನೊಂದು ಅಕಿಗೆ ಹೊಳ್ಳಿ ಬರೂ ದಾರಿಗೆ. ಗಿರಿಜಾ ಹೋಗೂ ಮುಂದ ಒಮ್ಮೆ ಬಂದು ಓದಿದ್ಲು, ಅವಾಗ ಎರಡ ಇದ್ವು. ಬುಕ್ಕಿನಾಗ ಇದ್ದದ್ದು ಇದ್ದಂಗ ಓದವಾ, ಮನಸಿಗೆ ಬಂದಂಗ ಓದಬ್ಯಾಡ.”

 ಚಿಗವ್ವ ಕೊನೆಗೊಮ್ಮೆ ಬಂದು ಓದಿದ್ದು, ಅಜ್ಜಿಯ ಇನ್ನೊಂದು ಕೈಗೆ ದೀಪ ಕೊಟ್ಟು ಹೋದದ್ದು ನನಗೆ ಗೊತ್ತೇ ಇರಲಿಲ್ಲ.  ಅಷ್ಟರಲ್ಲಿ ಪಲ್ಲವಿ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. ಕೆಂಪು ಗೆರೆಯ ಮೇಲೆ ಬೆರಳಿಟ್ಟು, ಕಣ್ಣು ಹತ್ತಿರ ತಂದು ನೋಡಿದಳು.

“ಹೌದು ಖಾಲಾ ಅಜ್ಜಿ, ಎರಡ ಅದಾವ” ಎಂದಳು. “ಅತ್ತಿಗೆ ಚಾಳೀಸ ಬಂದೈತಿ, ಕಾಣಂಗಿಲ್ಲ. ಕೊಡ್ರಿಲ್ಲಿ, ನಾ ಓದ್ತೇನಿ.”